ಪಾದ್ರಿಗಳ ಕಾಲೇಜಿನಲ್ಲಿ ಬಿಸಿಎ: ಹೆದರಬೇಕಾ?

"ಉಸ್ತಾದರೇ, ಮಗಳಿಗೆ ಪಾದ್ರಿಗಳ ಕಾಲೇಜಿನಲ್ಲಿ ಬಿಸಿಎ ಸೀಟು ಸಿಕ್ಕಿದೆ. ಕಳಿಸಬಹುದಾ?" ಪಿಯುಸಿ ರಿಸಲ್ಟ್ ಬಂದ ಮೇಲೆ ಮದ್ರಸದ ಬಾಗಿಲಲ್ಲಿ ಉಮ್ಮಂದಿರು ನಮ್ಮನ್ನು ಕೇಳುವುದು ಇದನ್ನೇ. ಹಿಂದೊಮ್ಮೆ ನಾವು "ಬೇಡ" ಅಂದುಬಿಟ್ಟಿದ್ದೆವು. ಆ ಹುಡುಗಿಯ ಓದು ಅಲ್ಲಿಗೇ ನಿಂತಿತು. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಆರಂಭಿಸಿದರು. ಇಂಥ ಕಾಲೇಜುಗಳ ಬಿಸಿಎಯಲ್ಲಿ ಕಲಿಸುವುದು ಪ್ರೋಗ್ರಾಮಿಂಗ್, ಡೇಟಾಬೇಸ್, ನೆಟ್‌ವರ್ಕ್, ಬೈಬಲ್ ಅಲ್ಲ. ಸರಕಾರದ ಮಾನ್ಯತೆ ಇರುವ ಯಾವ ಸಂಸ್ಥೆಯೂ ಒಪ್ಪಿಗೆಯಿಲ್ಲದೆ ಯಾರನ್ನೂ ಧರ್ಮಬೋಧನೆಗೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿಯೇ ಹೇಳುತ್ತದೆ.

ಕಂಪ್ಯೂಟರ್‌ನವರು ದಿನಾ ಆಡುವ 'ಅಲ್ಗಾರಿದಮ್' ಎಂಬ ಪದ ಬಂದದ್ದು 9ನೇ ಶತಮಾನದ ಬಗ್ದಾದಿನ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ. ಅದೇ ಬಗ್ದಾದಿನಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅರಬಿಗೆ ತಂದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತರು. ಇಲ್ಮನ್ನು ಒಟ್ಟಿಗೆ ಕಲಿಯುವುದು ಹೊಸದೇನಲ್ಲ.

ಹಾಗಾಗಿ ಈಗ ನಾವು ಹೇಳುವುದು: ಕಳಿಸಿ. ಆದರೆ ಫೀಸು ಕಟ್ಟುವ ಮೊದಲೇ ಲುಹರ್ ನಮಾಝಿಗೆ ಬಿಡುವು ಇದೆಯಾ, ಶಿರವಸ್ತ್ರಕ್ಕೆ ನಿಯಮ ಏನು ಎಂದು ಕಾಲೇಜಿನಲ್ಲೇ ಕೇಳಿಕೊಳ್ಳಿ. ದೀನ್ ಕಲಿಸುವ ಕೆಲಸ ಮನೆಯದು, ಮದ್ರಸದ್ದು. ಅದನ್ನು ಕಾಲೇಜಿನ ಮೇಲೆ ಹಾಕುವುದು ಬೇಡ.