ರಸ ಹಿಂಡಿದ ಮೇಲೆ ಉಳಿಯುವ ನಾರು

ಬೇಸಿಗೆ ಬಂತೆಂದರೆ ಕೊಯಮತ್ತೂರು, ತಿರುಪ್ಪೂರಿನ ಹಣ್ಣಿನ ರಸದ ಅಂಗಡಿಗಳ ಹಿಂದೆ ಮೋಸಂಬಿ, ಕಿತ್ತಳೆ ಸಿಪ್ಪೆಯ ರಾಶಿ ಬೆಳೆಯುತ್ತದೆ. ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧಭಾಗ ನಮ್ಮ ಲೋಟಕ್ಕೆ ಬರುವುದೇ ಇಲ್ಲ. ಸಿಪ್ಪೆ, ಸಿಪ್ಪೆಗಂಟಿದ ತಿರುಳಾಗಿ ತಿಪ್ಪೆ ಸೇರುತ್ತದೆ. 'ಕಸದಿಂದ ರಸ' ಎಂಬ ಮಾತು ನಮಗೆಲ್ಲ ಗೊತ್ತು. ರಸ ತೆಗೆದಾದ ಮೇಲೆ ಉಳಿದ ಕಸದಿಂದ ಏನು ಸಿಕ್ಕೀತು?

ನಾರು ಸಿಗುತ್ತದೆ, ಪ್ರಿಯ ಓದುಗರೇ! ಸಿಪ್ಪೆಯ ಹೊರಪದರದಲ್ಲಿ ಸುವಾಸನೆಯ ಎಣ್ಣೆಯಿದೆ. ಒಳಗಿನ ಬಿಳಿ ಪದರದಲ್ಲಿ ಜಾಮ್ ಗಟ್ಟಿಯಾಗಲು ಬಳಸುವ ಪೆಕ್ಟಿನ್ ಇದೆ. ಅದರ ಜೊತೆಗೆ ಸೆಲ್ಯುಲೋಸ್ ಕೂಡ ಇದೆ. ಹತ್ತಿಯ ಎಳೆ ಆಗಿರುವುದೂ ಇದೇ ಸೆಲ್ಯುಲೋಸಿನಿಂದ. ಆದರೆ ಸಿಪ್ಪೆಯಲ್ಲಿ ಅದು ಹತ್ತಿಯಂತೆ ಉದ್ದ ಎಳೆಯಾಗಿಲ್ಲ. ನೇರವಾಗಿ ನೂಲಲು ಬಾರದು.

ಆದ್ದರಿಂದ ಮೊದಲು ಆವಿಯಿಂದ ಎಣ್ಣೆ ತೆಗೆಯುತ್ತಾರೆ. ಆಮ್ಲ ಬೆರೆಸಿದ ಬಿಸಿನೀರಿನಲ್ಲಿ ಪೆಕ್ಟಿನ್ ಬಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ಕ್ಷಾರದಲ್ಲಿ ತೊಳೆದು, ಹೈಡ್ರೋಜನ್ ಪೆರಾಕ್ಸೈಡಿನಿಂದ ಬಿಳುಪು ಮಾಡಿದರೆ ಸೆಲ್ಯುಲೋಸ್ ಕೈಗೆ ಬರುತ್ತದೆ. ಅದನ್ನು ದ್ರಾವಕದಲ್ಲಿ ಕರಗಿಸಿ, ಶಾವಿಗೆ ಒತ್ತಿದಂತೆ ಸಣ್ಣ ರಂಧ್ರಗಳಿಂದ ಹೊರಡಿಸಿದರೆ ಎಳೆ ಸಿದ್ಧ.

ಇದು ಬರಿಯ ಕನಸಲ್ಲ. ಇಟಲಿಯ ಸಿಸಿಲಿ ದ್ವೀಪದಲ್ಲಿ ಇಬ್ಬರು ಯುವತಿಯರು 2014ರಲ್ಲಿ 'ಆರೆಂಜ್ ಫೈಬರ್' ಎಂಬ ಸಂಸ್ಥೆ ಕಟ್ಟಿದರು. ಅವರ ಕಿತ್ತಳೆ ಬಟ್ಟೆಯಿಂದ 2017ರಲ್ಲಿ ಫೆರಗಾಮೋ ಎಂಬ ಹೆಸರಾಂತ ಕಂಪನಿ ಉಡುಪುಗಳನ್ನು ತಂದಿತು. 2021ರಲ್ಲಿ ಆಸ್ಟ್ರಿಯಾದ ಲೆನ್ಜಿಂಗ್ ಕಂಪನಿಯ ಜೊತೆ ಸೇರಿ, ಕಿತ್ತಳೆ ಮತ್ತು ಮರದ ಸೆಲ್ಯುಲೋಸ್ ಬೆರೆಸಿದ ಎಳೆಯನ್ನೂ ತಯಾರಿಸಿದರು.

ಕೊಯಮತ್ತೂರಿನಲ್ಲಿ ನೂಲಿನ ಗಿರಣಿಗಳಿವೆ. 1956ರಿಂದ ಜವಳಿ ಸಂಶೋಧನೆ ನಡೆಸುತ್ತಿರುವ 'ಸಿಟ್ರಾ' ಸಂಸ್ಥೆಯಿದೆ. ತಿರುಪ್ಪೂರಿನ ಬನಿಯನ್ ಲೋಕಪ್ರಸಿದ್ಧ. ಹೀಗಿರುವಾಗ ನಾವೂ ಕೈ ಹಾಕಬಾರದೇಕೆ?

ಹಾಕಬಹುದು, ಆದರೆ ನೊಯ್ಯಲ್ ನದಿಯನ್ನು ಮರೆಯದೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಈ ಎರಡೂ ಊರುಗಳನ್ನು ಹಾದು, ನಮ್ಮ ಕಾವೇರಿಯನ್ನು ಸೇರುವ ನದಿ ಅದು. ಬಟ್ಟೆಗೆ ಬಣ್ಣ ಹಾಕಿದ ನೀರು ಅದನ್ನು ಕೆಡಿಸಿತು. ಹೊಲಗಳಿಗೆಂದು ಕಟ್ಟಿದ ಒರತ್ತುಪ್ಪಾಳಯಂ ಅಣೆಕಟ್ಟಿನ ನೀರು ಹೊಲಕ್ಕೆ ಬಾರದಾಯಿತು. ರೈತರು ನ್ಯಾಯಾಲಯದ ಮೊರೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಕೂಲಿ ನಂಬಿದ ಎಷ್ಟೋ ಮನೆಗಳ ಒಲೆಗೂ ಅದರ ಬಿಸಿ ತಟ್ಟಿತು. ಕೊಳೆನೀರನ್ನು ಒಂದು ಹನಿಯೂ ಹೊರಬಿಡಬಾರದೆಂಬುದು ಅಲ್ಲಿನ ನಿಯಮ.

ಸಿಪ್ಪೆಯಿಂದ ನಾರು ತೆಗೆಯುವಾಗಲೂ ಆಮ್ಲ, ಕ್ಷಾರ, ನೀರು ಬೇಕೇ ಬೇಕು. ಆ ನೀರನ್ನು ಶುದ್ಧಿಮಾಡಿ ಮತ್ತೆ ಬಳಸದಿದ್ದರೆ, ಒಂದು ಕಸವನ್ನು ಉಳಿಸಿ ಇನ್ನೊಂದು ನದಿಯನ್ನು ಕಳೆದುಕೊಂಡಂತೆ. ನಾರು ಎಷ್ಟು ಬಂತು ಎಂದು ಕೇಳುವ ಮುಂಚೆ ನೀರು ಎಲ್ಲಿಗೆ ಹೋಯಿತು ಎಂದು ಕೇಳೋಣ.

ಮನೆಯಲ್ಲಿ ನಾವು ಮಾಡಬೇಕಾದ್ದು ಚಿಕ್ಕದು. ಒದ್ದೆ ಸಿಪ್ಪೆ ಬೇಗ ಕೊಳೆಯುತ್ತದೆ. ಪ್ಲಾಸ್ಟಿಕ್ಕಿನೊಡನೆ ಬೆರೆತರೆ ಯಾರಿಗೂ ಬೇಡವಾಗುತ್ತದೆ. ಬೇರೆಯಾಗಿ ತೆಗೆದು ಬಿಸಿಲಿಗೆ ಒಣಗಿಸಿ. ಗೊಬ್ಬರದ ಗುಂಡಿಗಾದರೆ ಸಣ್ಣಗೆ ಹೆಚ್ಚಿ, ಸ್ವಲ್ಪ ಸ್ವಲ್ಪವೇ ಹಾಕಿ. ಅದರ ಎಣ್ಣೆ ಹೆಚ್ಚಾದರೆ ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ. ನಾರು ತೆಗೆಯುವ ಕಾರ್ಖಾನೆ ಮುಂದೆ ಬಂದರೂ ಅದಕ್ಕೆ ಮೊದಲು ಬೇಕಾಗುವುದು ಹೀಗೆ ಶುಚಿಯಾಗಿ ಬೇರ್ಪಡಿಸಿದ ಸಿಪ್ಪೆಯೇ. ಆ ಅಭ್ಯಾಸವನ್ನು ಮಕ್ಕಳಿಗೆ ಇಂದೇ ಕಲಿಸಬಹುದಲ್ಲವೇ?