ಒಂದೇ ದಿನದ ಟೂರಾ? ದುಡ್ಡು ಕೊಡೋ ಮೊದಲು ಇಷ್ಟು ಕೇಳಿ!

ಪಕ್ಕದ ಮನೆ ಆಂಟಿ ಮೊನ್ನೆ ಸಂಜೆ ಮೊಬೈಲ್ ಹಿಡ್ಕೊಂಡು ಬಂದ್ರು. ಮಗಳು-ಅಳಿಯ ರಜೆಗೆ ಐಸ್‌ಲ್ಯಾಂಡ್‌ಗೆ ಹೋಗಿದ್ದಾರಂತೆ. ಬೆಳಿಗ್ಗೆ ರೇಕ್ಯಾವಿಕ್‌ನಲ್ಲಿ ಬಸ್ ಹತ್ತಿದರೆ ರಾತ್ರಿ ವಾಪಸ್. ಅಷ್ಟರಲ್ಲಿ ಒಂದು ಹಿಮನದಿ, ಎರಡು ಜಲಪಾತ, ಒಂದು ಕಪ್ಪು ಮರಳಿನ ಸಮುದ್ರತೀರ ಎಲ್ಲಾ ನೋಡಿಯಾಯ್ತು. ಹಿಮದ ಮೇಲೆ ನಡೆಯೋಕೆ ಶೂಗೆ ಕಬ್ಬಿಣದ ಮುಳ್ಳು ಕಟ್ಟಿ, ಗೈಡ್ ಮುಂದೆ, ಇವರೆಲ್ಲ ಸಾಲಾಗಿ ಹಿಂದೆ. ಫೋಟೋ ನೋಡಿದರೆ ಹೊಟ್ಟೆಕಿಚ್ಚು ಬರೋ ಹಾಗಿತ್ತು ಅನ್ನಿ!

ಕೊನೆಯ ಫೋಟೋ ಬಂದಾಗ ಮಾತ್ರ ನಾನು ಅವರ ಕೈಯಿಂದ ಮೊಬೈಲ್ ಕಿತ್ತುಕೊಂಡೆ. ರೇನಿಸ್‌ಫ್ಯಾರಾ ಅನ್ನೋ ಸಮುದ್ರತೀರ. ಯಾರೋ ಉಳಿ ಹಿಡಿದು ಕಡೆದು ನಿಲ್ಲಿಸಿದ ಹಾಗೆ ಕಪ್ಪು ಕಲ್ಲಿನ ಕಂಬಗಳು. "ಆಂಟಿ, ಇದನ್ನ ನಮ್ಮತ್ತೆ ನೋಡಿದಾರೆ!" ಅಂದೆ. ಅವರು ನಂಬಲಿಲ್ಲ.

ನಮ್ಮತ್ತೆ ಐಸ್‌ಲ್ಯಾಂಡ್‌ಗೆ ಹೋಗಿಲ್ಲ ಬಿಡಿ. ಅವರು ನೋಡಿದ್ದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನ. ಆದರೆ ಅಲ್ಲಿ ತನಕ ಅವರನ್ನ ಕರ್ಕೊಂಡು ಹೋಗೋಕೆ ನನಗೆ ಎರಡು ಟೂರು ಬೇಕಾಯ್ತು. ಮೊದಲನೆಯದರಲ್ಲಿ ದುಡ್ಡೂ ಹೋಯ್ತು, ಅತ್ತೆಯ ಮೊಣಕಾಲೂ ಹೋಯ್ತು. ನೀವು ಅದೇ ತಪ್ಪು ಮಾಡಬಾರದು ಅಂತ ಇದನ್ನ ಬರೀತಿದ್ದೀನಿ.

ಕೆರೆಯಷ್ಟು ದೊಡ್ಡದಾ?

ಅತ್ತೆಯ ಊರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ಒಂದು ಕಾಲಕ್ಕೆ ಪಾಳೇಗಾರರು ಆಳಿದ ಊರು. ಈಗ ಕೆರೆ, ತೆಂಗು, ಅಡಿಕೆ, ರಾಗಿ. ಅತ್ತೆಗೆ ಅರವತ್ತೆಂಟು ವರ್ಷ. ಮಾವ ಹೋದ ಮೇಲೆ ತುಮಕೂರಿಗೆ ನಮ್ಮ ಮನೆಗೆ ಬಂದರು. ಮದುವೆ, ನಾಮಕರಣ, ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೊರಡುವವರಲ್ಲ. ಒಂದು ದಿನ ಟೀವಿಯಲ್ಲಿ ಸಮುದ್ರ ತೋರಿಸ್ತಿದ್ದಾಗ ಹುಣಸೆಹಣ್ಣು ಬಿಡಿಸ್ತಾ ಕೇಳಿದರು, "ಅಲ್ಲ ಕಣಮ್ಮ, ಸಮುದ್ರ ಅಂದ್ರೆ ನಮ್ಮೂರ ಕೆರೆ ತುಂಬಿದಾಗ ಇರುತ್ತಲ್ಲ, ಅಷ್ಟು ದೊಡ್ಡದಿರುತ್ತಾ?"

ನನಗೆ ನಗು ಬಂತು. ಆಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಐವತ್ತು ವರ್ಷ ಸಂಸಾರ ತೂಗಿಸಿದ ಹೆಂಗಸು ಸಮುದ್ರ ನೋಡಿಲ್ಲ! ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಿರಬಹುದು, ನೋಡಿ. ಕೇಳಿದರೆ "ಈ ವಯಸ್ಸಲ್ಲಿ ಯಾಕೆ ಬಿಡು" ಅಂತಾರೆ. ಆ ಮಾತನ್ನ ನಂಬಬೇಡಿ.

ಅದೇ ವಾರ ಪೇಪರ್ ಜೊತೆ ಒಂದು ಕರಪತ್ರ ಬಂತು. ಒಂದು ದಿನ, ಎರಡು ರಾತ್ರಿ. ಜೋಗ, ಸಮುದ್ರ, ದ್ವೀಪ, ಮೂರು ದೇವಸ್ಥಾನ, ಊಟ-ತಿಂಡಿ ಸೇರಿ ಅಗ್ಗದ ರೇಟು. ಹಿಂದೆಮುಂದೆ ನೋಡದೆ ಅಡ್ವಾನ್ಸ್ ಕೊಟ್ಟೆ. ಮಕ್ಕಳಿಗೆ ರಜೆ ಇತ್ತು, ಮೇ ತಿಂಗಳ ಕೊನೆ.

ಏನಾಯ್ತು ಅಂತ ಊಹಿಸಿದ್ರಾ? ರಾತ್ರಿಯೆಲ್ಲ ಕೂತೇ ಪ್ರಯಾಣ. ಜೋಗದಲ್ಲಿ ಇಳಿಸಿ "ಮುಕ್ಕಾಲು ಗಂಟೆ ಟೈಮು" ಅಂದರು. ಎದುರಿಗೆ ದೊಡ್ಡ ಕರೀ ಬಂಡೆ, ಅದರ ಮೇಲೆ ದಾರದ ಎಳೆಯ ಹಾಗೆ ನೀರು. ಅತ್ತೆ ಕಂಬಿ ಹಿಡಿದು ನೋಡಿದರು, ನೋಡಿದರು. "ನಮ್ಮೂರ ಕೆರೆ ಕೋಡಿ ಬಿದ್ದಾಗ ಇದಕ್ಕಿಂತ ಚೆನ್ನಾಗಿರುತ್ತೆ" ಅಂದರು. ಮಲ್ಪೆ ತಲುಪಿದಾಗ ಕತ್ತಲಾಗಿತ್ತು, ಮಳೆ ಬೇರೆ. ಅಲ್ಲಿ ಬೋಟ್ ನಿಲ್ಲಿಸಿ ವಾರವೇ ಆಗಿತ್ತಂತೆ! ಅತ್ತೆ ಸಮುದ್ರವನ್ನ ನೋಡಲಿಲ್ಲ, ಸದ್ದು ಕೇಳಿಸ್ಕೊಂಡು ಬಂದರು.

ಕ್ಯಾಲೆಂಡರ್ ನೋಡಿ, ಆಮೇಲೆ ಕರಪತ್ರ

ತಪ್ಪು ಟ್ರಾವೆಲ್ಸ್‌ನವರದ್ದು ಮಾತ್ರ ಅಂತ ನಾನು ಹೇಳಲ್ಲ. ಕೇಳಬೇಕಾದ್ದನ್ನ ನಾನು ಕೇಳಿರಲಿಲ್ಲ. ತಿಂಗಳು ನೋಡದೆ ಟೂರು ಕೊಳ್ಳೋದು ಅಂದ್ರೆ ಡಿಸೆಂಬರ್‌ನಲ್ಲಿ ಮಾವಿನಹಣ್ಣು ಕೊಂಡ ಹಾಗೆ.

ಜೋಗ ಭೋರ್ಗರೆಯೋದು ಮಳೆಗಾಲದಲ್ಲಿ, ಜುಲೈನಿಂದ ಸೆಪ್ಟೆಂಬರ್ ತನಕ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಕಟ್ಟಿ ಮುಗಿಸಿದ್ದು. ಶರಾವತಿಯ ನೀರು ಅಲ್ಲಿ ಕರೆಂಟಿಗೆ ಅಂತ ನಿಲ್ಲುತ್ತೆ, ಹಾಗಾಗಿ ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೊರಗಿರುತ್ತವೆ. ಸೇಂಟ್ ಮೇರೀಸ್ ದ್ವೀಪದ ಲೆಕ್ಕ ಪೂರ್ತಿ ಉಲ್ಟಾ. ಮಳೆಗಾಲದಲ್ಲಿ ಕಡಲು ಕೆರಳಿರುತ್ತೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಬೋಟ್ ಬಿಡೋದಿಲ್ಲ. ಮೇ ಕೊನೆಗೇ ನಿಲ್ಲಿಸೋದೂ ಉಂಟು. ಅಂದರೆ ಜೋಗ ತುಂಬಿದಾಗ ದ್ವೀಪಕ್ಕೆ ಬೋಟ್ ಇಲ್ಲ, ಬೋಟ್ ಇರುವಾಗ ಜೋಗದಲ್ಲಿ ನೀರು ಕಮ್ಮಿ! ಎರಡನ್ನೂ ಒಂದೇ ಟೂರಿನಲ್ಲಿ ತೋರಿಸ್ತೀವಿ ಅನ್ನುವವರು ಅರ್ಧ ಮಾತ್ರ ತೋರಿಸ್ತಾರೆ ಅಂತ ತಿಳ್ಕೊಳ್ಳಿ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ಎರಡೂ ಸಿಗಬಹುದು, ಅದೂ ಅದೃಷ್ಟ ಇದ್ದರೆ.

ಇನ್ನೊಂದು, ಹೊರಡೋ ಮೊದಲು ಜಾಗ ತೆರೆದಿದೆಯಾ ಅಂತ ಫೋನ್ ಮಾಡಿ ಕೇಳಿ. 2025ರ ಆರಂಭದಲ್ಲಿ ಕಾಮಗಾರಿ ಅಂತ ಜೋಗಕ್ಕೆ ಪ್ರವಾಸಿಗರನ್ನೇ ಬಿಡ್ತಿರಲಿಲ್ಲ. ಗೊತ್ತಿಲ್ಲದೆ ಹೋಗಿ ಗೇಟ್ ನೋಡಿ ಬರೋದು ಬೇಕಾ?

ಒಂದು ದಿನ ಎಲ್ಲಿಂದ ಶುರು?

ತುಮಕೂರಿನಿಂದ ಜೋಗಕ್ಕೆ ಮುನ್ನೂರು ಕಿಲೋಮೀಟರ್ ಮೇಲಾಗುತ್ತೆ. ಮಲ್ಪೆಗೂ ಅಷ್ಟೇ. ಅದನ್ನ "ಒಂದು ದಿನ" ಅನ್ನೋದು ಬಸ್‌ನವರ ಲೆಕ್ಕ, ನಮ್ಮ ಸೊಂಟದ ಲೆಕ್ಕ ಅಲ್ಲ. ಐಸ್‌ಲ್ಯಾಂಡ್‌ನ ಆ ಟೂರು ಯಾಕೆ ಚೆನ್ನಾಗಿತ್ತು ಗೊತ್ತಾ? ಅವರು ಹಿಂದಿನ ದಿನವೇ ಅಲ್ಲಿಗೆ ಹೋಗಿ ಮಲಗಿದ್ದರು. ಬೆಳಿಗ್ಗೆ ಎದ್ದು ಅಲ್ಲಿಂದಲೇ ಹೊರಟರು. ನಾವೂ ಹಾಗೇ ಮಾಡಬೇಕು. ಜೋಗಕ್ಕಾದರೆ ಸಾಗರದಲ್ಲಿ, ಮಲ್ಪೆಗಾದರೆ ಉಡುಪಿಯಲ್ಲಿ ರಾತ್ರಿ ತಂಗಿ, ಆ ಒಂದು ದಿನವನ್ನ ಅಲ್ಲಿಂದ ಶುರು ಮಾಡಿ. ಮೈಸೂರು-ತಾಳಗುಪ್ಪ ರೈಲು ರಾತ್ರಿ ತುಮಕೂರಿನ ಮೇಲೇ ಹೋಗುತ್ತೆ. ಸ್ಲೀಪರ್‌ನಲ್ಲಿ ಕಾಲು ಚಾಚಿ ಮಲಗಿದರೆ ಬೆಳಿಗ್ಗೆ ತಾಳಗುಪ್ಪ. ಅಲ್ಲಿಂದ ಜೋಗ ಹತ್ತಿರ. ವಯಸ್ಸಾದವರಿಗೆ ಕೆಳಗಿನ ಬರ್ತ್ ಕೇಳೋದು ಮರೀಬೇಡಿ.

ಜೋಗದಲ್ಲಿ ಕಡಿಮೆ ಅಂದ್ರೂ ಎರಡು ಮೂರು ಗಂಟೆ ಬೇಕು. 253 ಮೀಟರ್ ಎತ್ತರದಿಂದ ನೀರು ಬೀಳುತ್ತೆ. ಆಂಟಿಯ ಮಗಳು ನೋಡಿದ ಸ್ಕೋಗಾಫಾಸ್ ಬರೀ 60 ಮೀಟರ್ ಅಂತೆ, ನಮ್ಮ ಜೋಗವೇ ಹೆಚ್ಚು! ಆದರೆ ಮಳೆಗಾಲದಲ್ಲಿ ಮಂಜು ಬಂದು ಪೂರ್ತಿ ಮುಚ್ಚಿಬಿಡುತ್ತೆ. ಹತ್ತು ನಿಮಿಷ, ಅರ್ಧ ಗಂಟೆ ಏನೂ ಕಾಣಲ್ಲ. ಆಮೇಲೆ ಪರದೆ ಸರಿದ ಹಾಗೆ ಸರಿಯುತ್ತೆ. ಮುಕ್ಕಾಲು ಗಂಟೆ ಕೊಡುವ ಟೂರಿನವರು ನಿಮಗೆ ಮಂಜನ್ನೇ ತೋರಿಸಿ ಬಸ್ ಹತ್ತಿಸ್ತಾರೆ.

ನಿಜವಾಗಲೂ ಒಂದೇ ದಿನದಲ್ಲಿ ಹೋಗಿ ಬರಬೇಕು, ರಾತ್ರಿ ಮನೆಯಲ್ಲೇ ಮಲಗಬೇಕು ಅನ್ನುವವರಿಗೆ ಶಿವನಸಮುದ್ರ ಇದೆಯಲ್ಲ! ಕುಣಿಗಲ್, ಮದ್ದೂರು, ಮಳವಳ್ಳಿ ದಾರಿ ಹಿಡಿದರೆ ಬೆಳಿಗ್ಗೆ ಹೊರಟು ಸಂಜೆಗೆ ಬರಬಹುದು. ಗಗನಚುಕ್ಕಿ, ಭರಚುಕ್ಕಿ ಎರಡೂ ಕಾವೇರಿಯವೇ. 1902ರಲ್ಲೇ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು, ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ 1905ರಲ್ಲಿ. ಮಕ್ಕಳಿದ್ದರೆ ಇದನ್ನ ಹೇಳಿ. ಇಲ್ಲೂ ಅಷ್ಟೇ, ಮೇಲಿನ ಜಲಾಶಯದಿಂದ ನೀರು ಬಿಟ್ಟಾಗ ಹೋದರೆ ಹಬ್ಬ. ಪೇಪರ್‌ನಲ್ಲಿ ಜಲಾಶಯದ ಮಟ್ಟ ಬರುತ್ತಲ್ಲ, ಮಳೆಗಾಲದಲ್ಲಿ ಅದನ್ನೊಮ್ಮೆ ನೋಡಿ. ಮಳೆಗಾಲದ ವಾರಾಂತ್ಯದಲ್ಲಿ ಕೆಎಸ್‌ಆರ್‌ಟಿಸಿ ಬೆಂಗಳೂರಿನಿಂದ ಜಲಪಾತಗಳಿಗೆ ಪ್ಯಾಕೇಜ್ ಬಸ್ ಓಡಿಸೋದುಂಟು, ವಿಚಾರಿಸಿ. ಒಂದು ಗೊಂದಲ ಬೇಡ: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಸಾರಿಗೆ ಮತ್ತು ಎಕ್ಸ್‌ಪ್ರೆಸ್ ಬಸ್‌ಗಳಿಗೆ ಅಂತ ಬಂದದ್ದು. ರಾಜಹಂಸ, ಎಸಿ ಬಸ್‌ಗಳಿಗೆ ಟಿಕೆಟ್ ತಗೋಬೇಕು. ಆಧಾರ್ ತೋರಿಸಿ ಕೂತ್ಕೋಬಹುದು ಅಂತ ಹೋಗಿ ಬಸ್ ಸ್ಟ್ಯಾಂಡ್‌ನಲ್ಲಿ ಮುಜುಗರ ಪಡಬೇಡಿ.

ಎರಡನೇ ಸಲ

ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ನಮ್ಮ ಬೀದಿಯ ಹೆಂಗಸರು, ನನ್ನ ಓರಗಿತ್ತಿ, ಅತ್ತೆ ಎಲ್ಲಾ ಸೇರಿ ಹನ್ನೊಂದು ಜನ. "ಜೊತೆಗೆ ಗಂಡಸರು ಯಾರು ಬರ್ತಾರೆ?" ಅಂತ ನಮ್ಮನೆಯವರು ಕೇಳಿದರು. "ಡ್ರೈವರ್" ಅಂದೆ. ಮಾತು ಅಲ್ಲಿಗೆ ಮುಗೀತು.

ಈ ಸಲ ಬೇರೆ ಟ್ರಾವೆಲ್ಸ್. ದುಡ್ಡು ಕೊಡೋ ಮೊದಲೇ ಒಂದೊಂದೇ ಕೇಳಿದೆ. ಒಂದೇ ಜಾಗ ಸಾಕು, ಅಲ್ಲಿ ಎಷ್ಟು ಹೊತ್ತು ಬಿಡ್ತೀರಿ? ಗೈಡ್ ಅಂದರೆ ಬರೀ ತಲೆ ಎಣಿಸುವವರಾ, ಆ ಊರಿನವರಾ? ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯ ಇದೆ? ಇದನ್ನ ಕೇಳೋಕೆ ಖಂಡಿತಾ ನಾಚಬೇಡಿ. ಎಷ್ಟೋ ಜನ ಹೆಂಗಸರು ಟೂರಿನ ದಿನ ನೀರೇ ಕುಡಿಯಲ್ಲ, ಸಂಜೆಗೆ ತಲೆನೋವು, ಉರಿಮೂತ್ರ. ಬೋಟ್ ರದ್ದಾದರೆ ದುಡ್ಡು ವಾಪಸ್ ಕೊಡ್ತೀರಾ? ಮೆಟ್ಟಿಲು ಎಷ್ಟು? ಉತ್ತರ ಬರೆಸಿಕೊಂಡೆ. ಆ ಹುಡುಗ ಬೇಸರದಿಂದಲೇ ಬರೆದುಕೊಟ್ಟ. ಕೊಟ್ಟನಲ್ಲ, ಅಷ್ಟು ಸಾಕು.

ಉಡುಪಿಯಲ್ಲಿ ಮಲಗಿ, ಬೆಳಿಗ್ಗೆ ಬೇಗ ಮಲ್ಪೆಗೆ ಹೋದೆವು. ಬಿಸಿಲೇರೋ ಮೊದಲು ದ್ವೀಪ ನೋಡಿ ಬಂದುಬಿಡಬೇಕು, ಅಲ್ಲಿ ನೆರಳು ಕಡಿಮೆ. ದೊಡ್ಡ ಬೋಟ್‌ನಿಂದ ಸಣ್ಣ ಬೋಟ್‌ಗೆ ಇಳಿಯಬೇಕಾಗಬಹುದು, ಸೀರೆಯ ನೆರಿಗೆ ಒದ್ದೆ ಆಗೋದು ಗ್ಯಾರಂಟಿ. ಚೂಡಿದಾರ್ ವಾಸಿ. ಅತ್ತೆ ಮಾತ್ರ ಸೀರೆಯನ್ನ ಗದ್ದೆಗೆ ಇಳಿಯುವವರ ಹಾಗೆ ಎತ್ತಿ ಸಿಕ್ಕಿಸಿಕೊಂಡು, ಇಬ್ಬರು ಹುಡುಗರ ಕೈ ಹಿಡಿದು ಇಳಿದೇ ಬಿಟ್ಟರು! ಲೈಫ್ ಜಾಕೆಟ್ ಹಾಕಿಕೊಂಡಾಗ ಅವರ ಮುಖ ನೋಡಬೇಕಿತ್ತು.

ದ್ವೀಪದ ತುಂಬ ಕಪ್ಪೆಚಿಪ್ಪು, ಅದರಾಚೆ ಕಲ್ಲಿನ ಕಂಬಗಳು. ಐದು ಮೂಲೆ, ಆರು ಮೂಲೆ, ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಜೊತೆಗೆ ಬಂದ ಗೈಡ್ ಮಲ್ಪೆಯವರೇ. ಭೂಮಿಯೊಳಗಿನ ಕಾದ ಲಾವಾ ಹೊರಗೆ ಹರಿದು, ಆರುವಾಗ ಕುಗ್ಗಿ, ಹೀಗೆ ಸೀಳು ಬಿಟ್ಟು ಕಂಬ ಆಯ್ತು ಅಂತ ಹೇಳಿದರು. ಆಗ ನಮ್ಮ ಭೂಮಿ ಮಡಗಾಸ್ಕರ್‌ನಿಂದ ಬೇರೆಯಾಗ್ತಿತ್ತಂತೆ, ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ. ನಮಗೆಲ್ಲ ಅರ್ಧ ಅರ್ಥವಾಯ್ತು, ಅರ್ಧ ಇಲ್ಲ.

ಅತ್ತೆ ಬಗ್ಗಿ ಕಂಬದ ತಲೆಯನ್ನ ಕೈಯಿಂದ ಸವರಿದರು. "ಕೆರೆ ಒಣಗಿದಾಗ ಅಂಗಳದ ಮಣ್ಣು ಬಿರಿಯುತ್ತಲ್ಲ, ಹಿಂಗೇ ಮೂಲೆ ಮೂಲೆ ಬಿಡುತ್ತೆ. ಇದೂ ಅದೇ ಕಣಪ್ಪ. ಅದು ನೀರು ಆರಿ ಬಿರಿಯೋದು, ಇದು ಬೆಂಕಿ ಆರಿ ಬಿರಿದದ್ದು" ಅಂದರು. ಗೈಡ್ ಒಂದು ಕ್ಷಣ ಸುಮ್ಮನಾಗಿ, "ಅಜ್ಜಿ, ನಾಳೆಯಿಂದ ನಾನೂ ಹಾಗೇ ಹೇಳ್ತೇನೆ" ಅಂದರು.

ಆಮೇಲೆ ಅತ್ತೆ ಒಂದು ಕಡೆ ಕೂತು ಸಮುದ್ರ ನೋಡಿದರು. ಒಂದು ಗಂಟೆ. ಯಾರೂ ಅವಸರ ಮಾಡಲಿಲ್ಲ. ಏನೂ ಮಾತಾಡಲಿಲ್ಲ ಅವರು. ನಾನೂ ಕೆರೆ ಎಷ್ಟು, ಸಮುದ್ರ ಎಷ್ಟು ಅಂತ ಕೇಳಲಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಆ ಬಂಡೆಗಳ ಅಂಚು ಜಾರುತ್ತೆ, ಕೆಳಗೆ ನೀರು ಆಳ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಇಲ್ಲಿಗೆ ಬಂದಿದ್ದ ವಿದ್ಯಾರ್ಥಿಗಳು ನೀರುಪಾಲಾದರು. ಐಸ್‌ಲ್ಯಾಂಡ್‌ನ ತೀರದಲ್ಲೂ ಅಲೆಗೆ ಬೆನ್ನು ಮಾಡಿ ನಿಲ್ಲಬೇಡಿ ಅಂತಲೇ ಗೈಡ್‌ಗಳು ಮೊದಲು ಹೇಳೋದಂತೆ. ಮಕ್ಕಳು ಸೆಲ್ಫಿ ಅಂತ ಹೋದರೆ ಒಂದೇಟು ಹಾಕಿಯಾದರೂ ಎಳ್ಕೊಂಡು ಬನ್ನಿ.

ಮಲ್ಪೆಗೆ ಹೋಗೋಕಾಗದವರಿಗೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ ಇದೆ, ಹಿರಿಯೂರು ದಾಟಿ ಐಮಂಗಲದ ಬಳಿ. ನೀರಿನಡಿ ಉಕ್ಕಿದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾಗಿದೆ, ಸುಮಾರು 250 ಕೋಟಿ ವರ್ಷದ್ದು. ನಮ್ಮ ಬಯಲುಸೀಮೆಯಲ್ಲೂ ಒಂದು ಕಾಲಕ್ಕೆ ಸಮುದ್ರ ಇತ್ತು! ಆದರೆ ಅದು ಬರೀ ಕಲ್ಲುಬಂಡೆಯ ಜಾಗ, ತಿಳಿದವರು ಜೊತೆಗಿಲ್ಲದಿದ್ದರೆ ಏನೂ ಗೊತ್ತಾಗಲ್ಲ.

ಕೊನೆಗೆ ಅಡುಗೆಮನೆ ವಿಷಯ. ಮೊದಲ ಟೂರಿಗೆ ನಾನು ರಾತ್ರಿ ಎರಡು ಗಂಟೆಗೆ ಎದ್ದು ಅರವತ್ತು ಚಪಾತಿ, ಪುಳಿಯೋಗರೆ, ಮೊಸರನ್ನ ಕಟ್ಟಿದ್ದೆ. ಬಸ್ ಹತ್ತುವಾಗಲೇ ಸುಸ್ತು. ಎರಡನೇ ಸಲ ಉಡುಪಿಯ ಹೋಟೆಲ್‌ನಲ್ಲಿ ತಿಂದೆವು. ನಾನು ಏನೂ ಕಟ್ಟಲಿಲ್ಲ. ಮನೆಯಲ್ಲಿ ಉಳಿದವರಿಗೆ ದೋಸೆ ಹಿಟ್ಟು ಫ್ರಿಜ್‌ನಲ್ಲಿಟ್ಟು ಬಂದಿದ್ದೆ, ಅಷ್ಟೇ. ಯಾರೂ ಉಪವಾಸ ಬೀಳಲಿಲ್ಲ.

ಮುಂದಿನ ಆಗಸ್ಟ್‌ಗೆ ಜೋಗ ಅಂತ ತೀರ್ಮಾನವಾಗಿದೆ. ತುಂಬಿದ ಜೋಗ. ಹನ್ನೊಂದು ಜನ ಈಗ ಹದಿನಾರಾಗಿದ್ದಾರೆ, ಪಕ್ಕದ ಮನೆ ಆಂಟಿಯೂ ಸೇರಿ. ಯಾರೂ ಅಡುಗೆ ಮಾಡ್ಕೊಂಡು ಬರಬಾರದು ಅಂತ ಈಗಲೇ ಹೇಳಿದ್ದೇನೆ. ಅತ್ತೆ ಮಾತ್ರ ಕೋಡುಬಳೆ ಡಬ್ಬ ಬಿಟ್ಟು ಬರಲ್ಲ ಅಂತ ಹಟ ಹಿಡಿದಿದ್ದಾರೆ.