ಸಂಶೋಧನಾಂಗವೂ ಪ್ರಸಾರಾಂಗವೂ: ಶಾಸನಾಧ್ಯಯನದ ಒಂದು ನಿದರ್ಶನ

ವಿಶ್ವವಿದ್ಯಾನಿಲಯದ ಕಾರ್ಯವನ್ನು ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರು ಅಂಗಗಳಾಗಿ ಕಲ್ಪಿಸಿದವರು ೧೯೫೬ರಿಂದ ೧೯೬೦ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಶ್ರೀ ಕುವೆಂಪು ಅವರು. ಈ ವಿಭಜನೆ ಇಂದು ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ಅಂಗಗಳೆಂದ ಮೇಲೆ ಅವು ಒಂದೇ ದೇಹಕ್ಕೆ ಸೇರಿದುವೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸಂಶೋಧನೆಯು ಪಂಡಿತರ ಕೆಲಸ. ಉಪನ್ಯಾಸ, ಪ್ರದರ್ಶನ, ಸಾಂಸ್ಕೃತಿಕ ಸಪ್ತಾಹ ಮೊದಲಾದುವು ಬಿಡುವಿದ್ದಾಗ ಮಾಡತಕ್ಕ ಅಲಂಕಾರ ಎಂಬ ಭಾವನೆ ನಮ್ಮ ಮಾನವಿಕ ವಿಭಾಗಗಳಲ್ಲಿ ಬೇರೂರಿದೆ. ಇದರಿಂದ ಸಂಶೋಧನೆಗೇ ಒದಗುವ ಹಾನಿಯನ್ನು ಶಾಸನಾಧ್ಯಯನದ ನಿದರ್ಶನದಿಂದ ಇಲ್ಲಿ ವಿವರಿಸಲಾಗಿದೆ.

ಕರ್ನಾಟಕದ ಪ್ರಾಚೀನ ಚರಿತ್ರೆಗೆ ಶಾಸನಗಳೇ ಮುಖ್ಯ ಆಧಾರಗಳೆಂಬುದು ನಿರ್ವಿವಾದ. ಬಿ. ಎಲ್. ರೈಸ್ ಅವರು ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಎಂಟು ಸಾವಿರಕ್ಕೂ ಮಿಗಿಲಾದ ಶಾಸನಗಳು ಬೆಳಕು ಕಂಡವು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಗುರುತಿಸಿದರು. ಅದರ ಕಾಲ ಸುಮಾರು ಐದನೆಯ ಶತಮಾನವೆಂದು ಸಾಮಾನ್ಯವಾಗಿ ಎಣಿಸಲಾಗಿದೆ. ೧೯೭೨ರಿಂದ ಕನ್ನಡ ಅಧ್ಯಯನ ಸಂಸ್ಥೆಯು ರೈಸರ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರತೊಡಗಿತು.

ಈ ಕಾರ್ಯದ ಕ್ರಮವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಕಲ್ಲನ್ನು ತೊಳೆದು, ತೇವಗೊಳಿಸಿದ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ಕುಳಿಗಳಿಗೆ ಇಳಿಸುತ್ತಾರೆ. ಬಳಿಕ ಮೇಲೆ ಮಸಿಯನ್ನು ಒತ್ತಿದರೆ, ಕಪ್ಪು ಹಿನ್ನೆಲೆಯಲ್ಲಿ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಇದೇ ಪಡಿಯಚ್ಚು. ಅದು ವಿಭಾಗಕ್ಕೆ ಬರುತ್ತದೆ. ಕಲ್ಲು ಊರಿನಲ್ಲಿಯೇ ಉಳಿಯುತ್ತದೆ. ಆದರೆ ಪಡಿಯಚ್ಚು ಎಂದಿಗೂ ಕಲ್ಲಿಗೆ ಸಮನಾಗದು. ಸವೆದ ಅಕ್ಷರದ ವಿಷಯದಲ್ಲಿ ಸಂದೇಹ ಬಂದಾಗ, ಓರೆಯಾಗಿ ಬೀಳುವ ಬೆಳಕಿನಲ್ಲಿ ಮೂಲವನ್ನೇ ನೋಡಬೇಕಾಗುತ್ತದೆ. ಕಲ್ಲು ನಿಂತ ನೆಲೆಯೂ, ಅದರ ಮೇಲಣ ಶಿಲ್ಪವೂ ಚರಿತ್ರೆಯ ಸಾಮಗ್ರಿಗಳೇ.

ಈ ಪ್ರಸಂಗದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದ ಕೆರೆಯ ಏರಿಯ ಬಳಿ ಇದ್ದ ವೀರಗಲ್ಲೊಂದರ ಪಡಿಯಚ್ಚನ್ನು ತೆಗೆದೆ. ಸುತ್ತ ನೆರೆದಿದ್ದವರು “ಏನು ಬರೆದೈತೆ ಸ್ವಾಮಿ?” ಎಂದು ಕೇಳಿದರು. “ಇನ್ನೂ ಓದಬೇಕು, ಆಮೇಲೆ ತಿಳಿಸುತ್ತೇನೆ” ಎಂದು ಹೇಳಿ ಬಂದೆ. ಓದಿದ್ದಾಯಿತು, ತುರುಗಳನ್ನು ಮರಳಿ ತರಲು ಹೋರಾಡಿ ಮಡಿದವನೊಬ್ಬನ ಸ್ಮಾರಕ ಅದು. ಆದರೆ ತಿಳಿಸುವುದು ಮಾತ್ರ ಉಳಿದುಹೋಯಿತು. ಎರಡು ವರ್ಷಗಳ ಮೇಲೆ ಒಂದು ಅಕ್ಷರದ ಸಂದೇಹವನ್ನು ಪರಿಹರಿಸಿಕೊಳ್ಳಲು ಮತ್ತೆ ಹೋದಾಗ ಕಲ್ಲು ಅಲ್ಲಿರಲಿಲ್ಲ. ಕೆರೆಯ ಕೋಡಿಯ ದುರಸ್ತಿಗೆ ಒಡೆದು ಹಾಕಿದ್ದರು. ಹಿರಿಯರೊಬ್ಬರು ಯಾವ ಕಪಟವೂ ಇಲ್ಲದೆ ನುಡಿದರು: “ನೀವು ಅಚ್ಚು ತಗೊಂಡು ಹೋದಿರಲ್ಲ ಸ್ವಾಮಿ, ಇನ್ನು ಕಲ್ಲು ಬೇಕಾಗಿಲ್ಲ ಅಂದುಕೊಂಡ್ವಿ.” ಅವರ ತರ್ಕದಲ್ಲಿ ದೋಷವಿರಲಿಲ್ಲ. ದೋಷ ನನ್ನದು. ಆ ಅಕ್ಷರದ ಸಂದೇಹ ಇನ್ನು ಪರಿಹಾರವಾಗದು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಯ ಕೆಲಸಕ್ಕಾಗಿ ನೆಲವನ್ನು ಅಗೆದಾಗ ಎಂಟನೆಯ ಶತಮಾನದ ವೀರಗಲ್ಲೊಂದು ದೊರೆಯಿತು. ಗಂಗರ ಶ್ರೀಪುರುಷನ ಕಾಲದಲ್ಲಿ ಹೋರಾಡಿ ಮಡಿದ ಕಿತ್ತಯನೆಂಬ ವೀರನ ಸ್ಮಾರಕ ಅದು. ಅದರ ಅರ್ಥವನ್ನು ಶಾಸನಾಸಕ್ತರು ನಿವಾಸಿಗಳಿಗೆ ತಿಳಿಸಿದರು. ತಮ್ಮ ಬಡಾವಣೆಯ ಹೆಸರಿನ ಪ್ರಾಚೀನತೆ ಆ ಕಲ್ಲಿನಲ್ಲಿದೆಯೆಂದು ಅರಿತ ಜನ ಅದನ್ನು ಉಳಿಸಿಕೊಳ್ಳಲು ಮುಂದಾದರು. ಕಲ್ಲಿಗೆ ಮಂಟಪವೂ ಆಯಿತು. ಆ ಕಲ್ಲನ್ನು ಕಾಯ್ದದ್ದು ತಿಳಿವಳಿಕೆಯೇ ಹೊರತು ಕಾವಲಲ್ಲ.

ಆದುದರಿಂದ ಪ್ರಸಾರವು ಸಂಶೋಧನೆಯ ಕೊನೆಯ ಮೆಟ್ಟಿಲಲ್ಲ. ಅದರ ನಡುವಿನ ಅಂಗ. ಕ್ಷೇತ್ರಕಾರ್ಯಕ್ಕೆ ಹೋದವರು ಮರಳುವ ಮುನ್ನ, ಅಂದಿಗೆ ಎಷ್ಟು ಓದಲಾಯಿತೋ ಅಷ್ಟನ್ನು ಊರ ಗುಡಿಯ ಮುಂದೆಯೋ ಶಾಲೆಯಲ್ಲಿಯೋ ತಿಳಿಗನ್ನಡದಲ್ಲಿ ಹೇಳಬೇಕು. ಪೂರ್ಣ ಪಾಠ ಸಿದ್ಧವಾದ ಮೇಲೆ ಅದರ ಸಾರಾಂಶದ ಒಂದು ಪ್ರತಿಯನ್ನು ಆ ಶಾಲೆಗೆ ಕಳುಹಿಸಬೇಕು. ವಿಭಾಗದ ವಾರ್ಷಿಕೋತ್ಸವದಲ್ಲಿ ಪಡಿಯಚ್ಚುಗಳ ಪ್ರದರ್ಶನ ನಡೆದಾಗ ಆಯಾ ಊರಿನವರನ್ನು ಅತಿಥಿಗಳಾಗಿ ಕರೆಯಬೇಕು. ಹೊಲದ ಹೆಸರು, ಕೆರೆಯ ಹಳೆಯ ತೂಬು ಮೊದಲಾದುವನ್ನು ಅವರಿಂದಲೇ ನಾವು ಕೇಳಿ ತಿಳಿಯಬೇಕಾಗಿದೆ. ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಒಂದು ಸಂಜೆ ಸಾಕು. ಆ ಸಂಜೆಯನ್ನು ಉಳಿಸಲು ಹೋಗಿ ನಾನು ಒಂದು ಕಲ್ಲನ್ನು ಕಳೆದುಕೊಂಡೆ; ನಮ್ಮ ವಿದ್ಯಾರ್ಥಿಗಳು ಕಳೆದುಕೊಳ್ಳದಿರಲಿ.